ಮಲೆನಾಡಿನ ಮಾಜಿ ಸೈನಿಕನೂ ಸರಕಾರದ ಔಷಧೋಪಚಾರವೂ

ಪ್ರತಿವರ್ಷ ಡಿಸೆಂಬರ್ ೭ನೆಯ ದಿನ ನಮ್ಮ ಶಾಲಾಬಾಲಕರು ಕಾಗದದ ಚಿಕ್ಕ ಧ್ವಜವೊಂದನ್ನು ದಾರಿಹೋಕರ ಅಂಗಿಗೆ ಸಿಕ್ಕಿಸಿ, ಕೊಟ್ಟಷ್ಟು ಕಾಸನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗುವುದು ವಾಚಕರೆಲ್ಲರಿಗೂ ತಿಳಿದ ಸಂಗತಿ. ೧೯೪೯ರಿಂದ ನಡೆದುಬಂದಿರುವ ಈ ಧ್ವಜದಿನದ ಉದ್ದೇಶವು ಸ್ತುತ್ಯವಾದುದು. ಆದರೆ ಕಾಸು ಹಾಕಿದವನು ತನ್ನ ಋಣವು ಅಲ್ಲಿಗೆ ತೀರಿತೆಂದು ಭಾವಿಸಿದರೆ ಅದು ತಪ್ಪು. ದಂಡಿನಿಂದ ಮರಳಿಬಂದ ಮನುಷ್ಯನು ಮುಪ್ಪಿನಲ್ಲಿ ಹಾಸಿಗೆ ಹಿಡಿದಾಗ ಅವನಿಗೆ ವೈದ್ಯನು ದೊರೆಯುವನೇ, ಔಷಧವು ದೊರೆಯುವುದೇ, ಅವನು ಗತಿಸಿದ ಮೇಲೆ ಅವನ ಹೆಂಡತಿಗೆ ಅದೇ ಉಪಚಾರವು ತಡೆಯಿಲ್ಲದೆ ನಡೆಯುವುದೇ ಎಂಬ ಪ್ರಶ್ನೆಗಳು ಧ್ವಜದಿನದ ಮರುದಿನವೂ ಉಳಿದೇ ಇರುತ್ತವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ಕೊಂಚ ವಿಚಾರಮಾಡಬೇಕೆಂಬುದು ನಮ್ಮ ಇಂದಿನ ಉದ್ದೇಶ.

ಈ ಮೂರು ತಾಲ್ಲೂಕುಗಳು ದಂಡಿನ ಸೀಮೆಯೆಂದು ಹೆಸರಾದುವಲ್ಲ. ಕೊಡಗಿನಲ್ಲಿ ಸೇನೆಯ ಸೇವೆಯು ಮನೆತನದ ಸಂಪ್ರದಾಯವೇ ಆಗಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ. ಬೆಂಗಳೂರಿನಲ್ಲಿ ಮದರಾಸು ಸ್ಯಾಪರುಗಳ ಕೇಂದ್ರವಿದೆ. ತುಂಗಾ ಭದ್ರೆಯರ ಈ ಮಲೆಸೀಮೆಯಲ್ಲಾದರೋ ಅಡಕೆಯ ತೋಟ, ಕಾಫಿಯ ತೋಟ, ಕಣಿವೆಯ ಬತ್ತದ ಗದ್ದೆ, ಇವೇ ಜನರ ಬಾಳಿಗೆ ಆಧಾರ. ಆದರೂ ಇಲ್ಲಿಂದ ದಂಡಿಗೆ ಹೋದವರಿಲ್ಲವೆಂದಲ್ಲ. ಊರಿಗೊಬ್ಬರಂತೆ, ಹೋಬಳಿಗೆ ಕೆಲವರಂತೆ ಹೋದರು. ಪೆನ್ಷನ್ನಿನೊಡನೆ ಮರಳಿ ತಮ್ಮ ತಮ್ಮ ಮನೆಗಳಿಗೆ ಸೇರಿದರು. ಮಲೆನಾಡಿನ ಮನೆಗಳು ಒಂದರಿಂದೊಂದು ದೂರ. ಇಲ್ಲಿನ ಮಾಜಿ ಸೈನಿಕರು ಅದಕ್ಕಿಂತಲೂ ದೂರ. ಅವರು ಒಟ್ಟುಗೂಡಿ ಒಂದು ದನಿಯೆತ್ತಿದುದನ್ನು ಕೇಳಿದವರು ವಿರಳ. ತೊಡಕಿನ ಮೂಲವಿರುವುದು ಇಲ್ಲಿಯೇ.

ಹಿಂದಿನ ಸ್ಥಿತಿ

ಸೈನಿಕನ ಸೇವೆಯನ್ನು ಹೊಗಳುವುದರಲ್ಲಿ ನಾವು ಎಂದೂ ಹಿಂದೆಬಿದ್ದವರಲ್ಲ. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣದ ಕಾಳಗದಲ್ಲಿ ಮೈಸೂರಿನ ಕುದುರೆಯ ದಂಡು ತೋರಿದ ಸಾಹಸವನ್ನು ಇಂದಿಗೂ ನೆನೆಯುತ್ತೇವೆ. ಆ ಮಹಾಯುದ್ಧವು ಮುಗಿದ ಮರುವರ್ಷ, ೧೯೧೯ರಲ್ಲಿ, ಅಂದಿನ ಸರಕಾರವು ಸೈನಿಕರ ಹಿತಚಿಂತನೆಗಾಗಿ ಒಂದು ಮಂಡಲಿಯನ್ನು ಸ್ಥಾಪಿಸಿತು. ಅದೇ ಮಂಡಲಿಯು ಹೆಸರನ್ನು ಬದಲಾಯಿಸಿಕೊಳ್ಳುತ್ತ ಬಂದು ಇಂದು ಕೇಂದ್ರೀಯ ಸೈನಿಕ ಮಂಡಲಿ ಎನಿಸಿಕೊಂಡಿದೆ. ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೇನೆಯು ೨೫ ಲಕ್ಷವನ್ನು ಮೀರಿ ಬೆಳೆದಿತ್ತು. ಯುದ್ಧವು ಮುಗಿದೊಡನೆ ಅವರಲ್ಲಿ ಬಹುಮಂದಿ ಪೆನ್ಷನ್ನಿಲ್ಲದೆಯೇ ಮನೆಗೆ ಮರಳಿದರು. ಸೇನಾಪತಿಗಳಾಗಿದ್ದ ನಮ್ಮ ನಾಡಿನ ಕಾರ್ಯಪ್ಪನವರು ನಿವೃತ್ತರಾದ ಮೇಲೆ ಮಾಜಿ ಸೈನಿಕರ ಸಂಘಟನೆಗೆ ಕೈಯಿಕ್ಕಿ, ೧೯೬೪ರಲ್ಲಿ ಅಖಿಲ ಭಾರತದ ಸಂಘವೊಂದನ್ನು ಕಟ್ಟಿದುದೂ ಈ ಜನರ ಅನಾಥಸ್ಥಿತಿಯನ್ನು ಕಂಡೇ ಅಲ್ಲವೇ?

ಇಷ್ಟಾದರೂ ಔಷಧೋಪಚಾರದ ವಿಷಯದಲ್ಲಿ ಕ್ರಮಬದ್ಧವಾದ ಏರ್ಪಾಡು ಬಹುಕಾಲ ಇರಲಿಲ್ಲ. ಸಿವಿಲ್ ನೌಕರರಿಗೆ ೧೯೫೪ರಲ್ಲಿಯೇ ಕೇಂದ್ರ ಸರಕಾರವು ಒಂದು ಆರೋಗ್ಯ ಯೋಜನೆಯನ್ನು ಆರಂಭಿಸಿತು. ಮಾಜಿ ಸೈನಿಕನಿಗೆ ಇದ್ದುದು ಮಿಲಿಟರಿ ಆಸ್ಪತ್ರೆಯ ಬಾಗಿಲು ಮಾತ್ರ. ಅದೂ ಸೇವೆಯಲ್ಲಿರುವವರ ಉಪಚಾರವು ಮುಗಿದು ಸ್ಥಳವು ಉಳಿದರೆ. ಶೃಂಗೇರಿಯ ಮುದುಕನೊಬ್ಬನಿಗೆ ಅಂತಹ ಆಸ್ಪತ್ರೆಯೆಂದರೆ ಬೆಂಗಳೂರಿನಷ್ಟು ದೂರ. ಹೀಗಾಗಿ ಅವನು ಕೈಯಲ್ಲಿದ್ದ ಹಣವನ್ನೂ, ಅದು ತೀರಿದ ಮೇಲೆ ತೋಟದ ಒಂದು ಭಾಗವನ್ನೂ ಆಸ್ಪತ್ರೆಗೆ ಕೊಟ್ಟು ಬದುಕಬೇಕಾಗಿತ್ತು.

ಯೋಜನೆಯ ಸ್ವರೂಪ

೨೦೦೨ನೆಯ ಡಿಸೆಂಬರ್ ೩೦ರ ಸರಕಾರಿ ಆಜ್ಞೆಯಿಂದ ಮಂಜೂರಾಗಿ ೨೦೦೩ನೆಯ ಏಪ್ರಿಲ್ ೧ರಿಂದ ಆಚರಣೆಗೆ ಬಂದ 'ಇ.ಸಿ.ಎಚ್.ಎಸ್.' ಎಂಬ ಮಾಜಿ ಸೈನಿಕರ ವಂತಿಗೆಯ ಆರೋಗ್ಯ ಯೋಜನೆಯು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಇದರ ರಚನೆಯು ಸರಳವಾದುದು. ಪೆನ್ಷನ್ ಪಡೆಯುವ ಮಾಜಿ ಸೈನಿಕನು ತನ್ನ ದರ್ಜೆಗೆ ತಕ್ಕಂತೆ ಒಂದೇ ಬಾರಿ ವಂತಿಗೆಯನ್ನು ಕಟ್ಟತಕ್ಕದ್ದು. ಆ ಮೇಲೆ ಅವನಿಗೂ ಅವನ ಹೆಂಡತಿಗೂ ಜೀವವಿರುವವರೆಗೆ ಉಪಚಾರವು ದೊರೆಯತಕ್ಕದ್ದು. ಅವಲಂಬಿಗಳಾದ ಮಕ್ಕಳೂ ಇದರಲ್ಲಿ ಸೇರುವರು. ತಂದೆತಾಯಿಗಳ ಒಟ್ಟು ವರಮಾನವು ತುಟ್ಟಿಭತ್ಯೆಯನ್ನು ಬಿಟ್ಟು ತಿಂಗಳಿಗೆ ೯,೦೦೦ ರೂಪಾಯಿಗಿಂತ ಕಡಮೆಯಿದ್ದರೆ ಅವರೂ ಸೇರುವರು. ಮೊದಲು ಪಾಲಿಕ್ಲಿನಿಕ್ ಎಂಬ ಔಷಧಾಲಯದಲ್ಲಿ ಪರೀಕ್ಷೆ; ಹೆಚ್ಚಿನ ಚಿಕಿತ್ಸೆಯು ಬೇಕಾದರೆ ಅಲ್ಲಿಂದ ಶಿಫಾರಸಿನ ಚೀಟಿಯೊಡನೆ ಒಪ್ಪಂದವುಳ್ಳ ದೊಡ್ಡ ಆಸ್ಪತ್ರೆಗೆ. ಅಲ್ಲಿ ರೋಗಿಯು ಹಣವನ್ನು ಎಣಿಸಬೇಕಾಗಿಲ್ಲ. ಲೆಕ್ಕವು ಆಸ್ಪತ್ರೆಗೂ ಸರಕಾರಕ್ಕೂ ನಡುವೆ.

೨೦೧೭ನೆಯ ಡಿಸೆಂಬರಿನಲ್ಲಿ ಪರಿಷ್ಕರಿಸಿದ ವಂತಿಗೆಯು ಹೀಗಿದೆ: ಸಿಪಾಯಿಯಿಂದ ಹವಾಲ್ದಾರರವರೆಗಿನವರಿಗೆ ೩೦,೦೦೦ ರೂಪಾಯಿ; ನಾಯಬ್ ಸುಬೇದಾರರಿಂದ ಸುಬೇದಾರ ಮೇಜರರವರೆಗೆ ೬೭,೦೦೦ ರೂಪಾಯಿ; ಅಧಿಕಾರಿಗಳಿಗೆ ೧,೨೦,೦೦೦ ರೂಪಾಯಿ. ಆದರೆ ಮುಖ್ಯವಾದ ಮಾತೊಂದನ್ನು ಇಲ್ಲಿ ಒತ್ತಿಹೇಳಬೇಕಾಗಿದೆ. ೧೯೯೬ನೆಯ ಜನವರಿ ೧ಕ್ಕೆ ಮುಂಚೆ ನಿವೃತ್ತರಾದವರು ಈ ವಂತಿಗೆಯನ್ನು ಕೊಡಬೇಕಾದುದೇ ಇಲ್ಲ. ಯುದ್ಧದಲ್ಲಿ ಅಂಗಹೀನರಾದವರಿಗೂ, ಯುದ್ಧದಲ್ಲಿ ಮಡಿದವರ ಪತ್ನಿಯರಿಗೂ ವಿನಾಯಿತಿಯುಂಟು. ೧೯೭೧ರ ಯುದ್ಧವನ್ನು ಕಂಡು, ಹದಿನೈದು ವರುಷಕ್ಕೆ ಮೇಲ್ಪಟ್ಟು ಸೇವೆ ಸಲ್ಲಿಸಿ, ೧೯೮೫ರ ಸುಮಾರಿಗೆ ಮನೆಗೆ ಬಂದ ಸಿಪಾಯಿಗೆ ಈ ಉಪಚಾರವು ಕಾಸಿಲ್ಲದೆ ಸಲ್ಲತಕ್ಕದ್ದು. 'ಅಷ್ಟು ಹಣವನ್ನು ನಾನೆಲ್ಲಿಂದ ತರಲಿ' ಎಂದು ಅಂತಹವನೊಬ್ಬನು ಸುಮ್ಮನೆ ಕುಳಿತಿದ್ದರೆ, ಅವನನ್ನು ಬಡತನಕ್ಕಿಂತ ತಿಳಿವಳಿಕೆಯ ಕೊರತೆಯೇ ಹೆಚ್ಚು ಕೆಡಿಸಿತೆಂದು ಹೇಳಬೇಕು. ೨೦೧೯ನೆಯ ಮಾರ್ಚಿಯಲ್ಲಿ ಎರಡನೆಯ ಮಹಾಯುದ್ಧದ ಯೋಧರನ್ನೂ, ಅಲ್ಪಾವಧಿಯ ಅಧಿಕಾರಿಗಳನ್ನೂ, ಅವಧಿಗೆ ಮುನ್ನ ನಿವೃತ್ತರಾದವರನ್ನೂ ಯೋಜನೆಗೆ ಸೇರಿಸಿಕೊಳ್ಳಲಾಯಿತು.

೨೦೦೩ರ ಏಪ್ರಿಲ್ ೧ರಿಂದ ಈಚೆಗೆ ಪೆನ್ಷನ್ನಿನೊಡನೆ ನಿವೃತ್ತರಾಗುವವರಿಗೆ ಸದಸ್ಯತ್ವವು ಕಡ್ಡಾಯ. ಅದಕ್ಕೆ ಮೊದಲು ನಿವೃತ್ತರಾದವರಿಗೆ ಆಯ್ಕೆಯುಂಟು: ಯೋಜನೆಗೆ ಸೇರಬಹುದು, ಇಲ್ಲವೆ ಸೇರದೆ ನಿಗದಿಯಾದ ವೈದ್ಯಕೀಯ ಭತ್ಯವನ್ನು ಪಡೆಯಬಹುದು. ಈ ಭತ್ಯವು ೨೦೧೭ನೆಯ ಜುಲೈಯಿಂದ ತಿಂಗಳಿಗೆ ೧,೦೦೦ ರೂಪಾಯಿ. ಪಾಲಿಕ್ಲಿನಿಕ್ಕಿನ ಪಕ್ಕದಲ್ಲಿರುವವನಿಗೆ ಈ ಆಯ್ಕೆಯು ಕಷ್ಟವಲ್ಲ. ಬೆಟ್ಟದ ಮೇಲಿರುವವನಾದರೋ ಕೈಗೆ ಬರುವ ಸಾವಿರವನ್ನು ಬಿಟ್ಟು, ಕಣ್ಣಿಗೆ ಕಾಣದ ಔಷಧಾಲಯವನ್ನು ನಂಬುವುದು ಹೇಗೆಂದು ಯೋಚಿಸುತ್ತಾನೆ. ಜ್ವರ ಕೆಮ್ಮುಗಳಿಗೆ ಆ ಸಾವಿರವು ಸಾಕು. ಹೃದಯಕ್ಕೋ ಮೂತ್ರಪಿಂಡಕ್ಕೋ ವ್ಯಾಧಿಯು ತಗಲಿದ ದಿನ ಹಲವು ವರ್ಷಗಳ ಭತ್ಯವನ್ನು ಕೂಡಿಟ್ಟಿದ್ದರೂ ಸಾಲದು. ಈ ಲೆಕ್ಕವನ್ನು ಅವನೊಡನೆ ಕುಳಿತು ಬಿಡಿಸಿಹೇಳುವವರು ಊರಿನಲ್ಲಿ ಒಬ್ಬರಾದರೂ ಇರಬೇಕು.

ಕಾಗದಗಳ ತೊಡಕು

ಅರ್ಜಿಯನ್ನು ಈಗ ಅಂತರ್ಜಾಲದ ಮೂಲಕವೇ ಸಲ್ಲಿಸತಕ್ಕದ್ದು. ಅದಕ್ಕೆ ಪೆನ್ಷನ್ ಆಜ್ಞಾಪತ್ರ, ಸೇವಾಮುಕ್ತಿಯ ಪುಸ್ತಕ, ಆಧಾರ್ ಚೀಟಿ, ಭಾವಚಿತ್ರ, ಅವಲಂಬಿಗಳ ವಯಸ್ಸು ಸಂಬಂಧಗಳನ್ನು ಸ್ಥಾಪಿಸುವ ದಾಖಲೆಗಳು, ವಂತಿಗೆ ಕಟ್ಟಬೇಕಾದವರಿಗೆ ಕಟ್ಟಿದುದರ ರಸೀತಿ, ಇವಿಷ್ಟು ಬೇಕು. ಸ್ಟೇಷನ್ ಹೆಡ್‌ಕ್ವಾರ್ಟರ್ಸಿನಲ್ಲಿ ಪರಿಶೀಲನೆಯಾದ ಮೇಲೆ ಸದಸ್ಯನಿಗೂ ಅವನ ಅವಲಂಬಿಗಳಿಗೂ ಬೇರೆ ಬೇರೆ ಕಾರ್ಡುಗಳು ಬರುತ್ತವೆ. ಕಾರ್ಡು ಕೈಸೇರುವವರೆಗೆ ತಾತ್ಕಾಲಿಕ ಚೀಟಿಯಿಂದ ಚಿಕಿತ್ಸೆಯನ್ನು ಪಡೆಯಬಹುದು. ಕೇಳುವುದಕ್ಕೆ ಇದರಲ್ಲಿ ಕಷ್ಟವೇನೂ ಕಾಣದು. ಕಷ್ಟವಿರುವುದು ಈ ಕಾಗದಗಳು ಒಂದರೊಡನೊಂದು ಹೊಂದಿಕೆಯಾಗದಿರುವುದರಲ್ಲಿ.

ಒಬ್ಬ ಸಿಪಾಯಿಯನ್ನು ಕಲ್ಪಿಸಿಕೊಳ್ಳೋಣ. ಹದಿನೆಂಟರ ಹುಡುಗನಾಗಿ ಅವನು ದಂಡಿಗೆ ಸೇರಿದಾಗ ಕನ್ನಡವನ್ನರಿಯದ ಗುಮಾಸ್ತನೊಬ್ಬನು ಅವನ ಹೆಸರನ್ನು ಕಿವಿಗೆ ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡನು. ಊರಿನ ಮೊದಲಕ್ಷರವು ಅಲ್ಲಿ ಬಿಟ್ಟುಹೋಯಿತು. 'ಗೌಡ'ನೋ 'ನಾಯ್ಕ'ನೋ ಒಂದು ಕಡೆ ಹೆಸರಿಗೆ ಅಂಟಿಕೊಂಡು ಇನ್ನೊಂದು ಕಡೆ ಬೇರೆಯಾಗಿ ನಿಂತಿತು. ಹುಟ್ಟಿದ ದಿನವು ಶಾಲೆಯ ಮೇಷ್ಟರು ಬರೆದುಕೊಟ್ಟುದು. ರಜೆಯಲ್ಲಿ ಬಂದು ಮದುವೆಯಾದನು. ಆ ಸಂಗತಿಯನ್ನು ಪಲ್ಟನ್ನಿನ ದಫ್ತರಿನಲ್ಲಿ ಬರೆಸಬೇಕಾಗಿತ್ತು. ಬರೆಸುವಾಗ ಹೆಂಡತಿಯ ತವರಿನ ಹೆಸರನ್ನು ಹೇಳಿದನು. ಮನೆಯಲ್ಲಿ ಅವಳಿಗೆ ಬೇರೊಂದು ಹೆಸರು. ಪಡಿತರದ ಚೀಟಿಯಲ್ಲಿಯೂ ಆಧಾರಿನಲ್ಲಿಯೂ ಈ ಎರಡನೆಯ ಹೆಸರು. ಸೇವೆಯಲ್ಲಿದ್ದಷ್ಟು ಕಾಲ ಇದಾವುದೂ ತೊಂದರೆಯೆನಿಸಲಿಲ್ಲ. ಪೆನ್ಷನ್ನು ತಿಂಗಳು ತಿಂಗಳಿಗೆ ಬರುತ್ತಿತ್ತು. ಕೊನೆಗೊಂದು ದಿನ ಅವನು ತೀರಿಕೊಂಡನು. ಅವಳು ಕುಟುಂಬ ಪೆನ್ಷನ್ನಿಗಾಗಿಯೂ ಆರೋಗ್ಯದ ಕಾರ್ಡಿಗಾಗಿಯೂ ಅರ್ಜಿ ಹಾಕಿದಾಗ, 'ನೀನು ಇವನ ಹೆಂಡತಿಯೆಂಬುದು ದಾಖಲೆಯಿಂದ ತಿಳಿಯುವುದಿಲ್ಲ' ಎಂಬ ಉತ್ತರವು ಬಂತು. ನಲವತ್ತು ವರುಷ ಬಾಳಿದ ಸಂಸಾರಕ್ಕೆ ಎರಡು ಅಕ್ಷರಗಳ ವ್ಯತ್ಯಾಸವು ಸಾಕ್ಷಿಯಿಲ್ಲದಂತೆ ಮಾಡಿತು.

ಈ ವ್ಯತ್ಯಾಸವನ್ನು ಸರಿಪಡಿಸುವ ಅಧಿಕಾರವು ತಾಲ್ಲೂಕು ಕಚೇರಿಗಿಲ್ಲ. ಅದು ಆಯಾ ಪಲ್ಟನ್ನಿನ ದಾಖಲೆಯ ಕಚೇರಿಗೆ ಸೇರಿದುದು. ಮದರಾಸು ರೆಜಿಮೆಂಟಿನವನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಸ್ಯಾಪರಿನವನದು ಬೆಂಗಳೂರಿನಲ್ಲಿ, ತೋಪಿನ ದಳದವನದು ನಾಸಿಕದಲ್ಲಿ. ಭೂಸೇನೆಯವನ ಪೆನ್ಷನ್ನಿನ ಆಜ್ಞೆಯು ಹೊರಡುವುದು ಪ್ರಯಾಗದಿಂದ. ಅಲ್ಲಿಗೆ ಪ್ರಮಾಣಪತ್ರ, ಅಫಿಡವಿಟ್ಟು, ಜಿಲ್ಲೆಯ ಹೊಣೆ ಹೊತ್ತ ಸೈನಿಕ ಕಲ್ಯಾಣ ಅಧಿಕಾರಿಯ ದೃಢೀಕರಣ ಇವುಗಳನ್ನು ಕಳುಹಿಸಿ ಕಾಯತಕ್ಕದ್ದು. ಇತ್ತೀಚೆಗೆ ಪೆನ್ಷನ್ನಿನ ಲೆಕ್ಕವೆಲ್ಲವೂ 'ಸ್ಪರ್ಶ್' ಎಂಬ ಗಣಕ ವ್ಯವಸ್ಥೆಗೆ ವರ್ಗವಾಗುತ್ತ ಬಂದಿದೆ. ಹಿಂದೆ ಗುಮಾಸ್ತನು ಕಣ್ಣಿನಿಂದ ನೋಡಿ ಹೋಗಲಿಬಿಡೆಂದು ಬಿಡುತ್ತಿದ್ದ ಸಣ್ಣ ವ್ಯತ್ಯಾಸವನ್ನು ಯಂತ್ರವು ಬಿಡುವುದಿಲ್ಲ. ಯಂತ್ರದ ಮೇಲೆ ಕೋಪಗೊಂಡು ಪ್ರಯೋಜನವಿಲ್ಲ; ಸಿಪಾಯಿಯು ಜೀವದಿಂದಿರುವಾಗಲೇ ದಾಖಲೆಯನ್ನು ಸರಿಪಡಿಸಿಕೊಳ್ಳುವುದೊಂದೇ ದಾರಿ. ಅವನು ಬರೆದರೆ ಒಂದು ಪತ್ರದಿಂದ ಆಗುವ ಕೆಲಸವು, ಅವನ ವಿಧವೆಯು ಬರೆದರೆ ಹತ್ತು ಪತ್ರಗಳಿಂದಲೂ ಆಗುವುದು ಕಷ್ಟ.

ದಾರಿಯ ತೊಡಕು

ಕಾಗದಗಳು ಸರಿಯಾದುವೆಂದೇ ಇಟ್ಟುಕೊಳ್ಳೋಣ. ಅನಂತರ ದಾರಿಯ ಪ್ರಶ್ನೆ. ಕೊಪ್ಪದಲ್ಲಿಯಾಗಲಿ ಶೃಂಗೇರಿಯಲ್ಲಿಯಾಗಲಿ ನರಸಿಂಹರಾಜಪುರದಲ್ಲಿಯಾಗಲಿ ಪಾಲಿಕ್ಲಿನಿಕ್ ಇಲ್ಲ. ಅದಕ್ಕಾಗಿ ಜಿಲ್ಲಾ ಪಟ್ಟಣವನ್ನೇ ಅರಸಿಹೋಗಬೇಕು. ಶೃಂಗೇರಿಯಿಂದ ಚಿಕ್ಕಮಗಳೂರಿಗೆ ಸುಮಾರು ೯೦ ಕಿಲೋಮೀಟರ್. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲಕ್ಕೆ ಸಣ್ಣ ರೈಲು ಓಡುತ್ತಿತ್ತು. ಅದು ನಿಂತು ಬಹುಕಾಲವಾಯಿತು. ಇಂದು ಈ ಮೂರು ಪಟ್ಟಣಗಳಿಗೂ ಬಸ್ಸೇ ಗತಿ. ಮಳೆಗಾಲದಲ್ಲಿ ಘಟ್ಟದ ದಾರಿಯು ಕುಸಿದರೆ ಅದೂ ಇಲ್ಲ. ರಕ್ತದೊತ್ತಡದ ಗುಳಿಗೆಗಾಗಿ ಎಪ್ಪತ್ತೈದರ ಮುದುಕನು ಮುಂಜಾನೆ ಮನೆಯನ್ನು ಬಿಟ್ಟು, ಕಾಡುದಾರಿಯಲ್ಲಿ ನಡೆದು ಬಸ್ಸನ್ನು ಹಿಡಿದು, ಸರತಿಯಲ್ಲಿ ಕಾದು ರಾತ್ರಿ ಮನೆ ಸೇರಬೇಕು. ಒಬ್ಬನೇ ಹೋಗಲಾರದವನಾದರೆ ಮಗನ ಒಂದು ದಿನದ ದುಡಿಮೆಯೂ ಅದಕ್ಕೆ ಸಲ್ಲಬೇಕು. ಹೀಗೆ ಎರಡು ಬಾರಿ ಹೋದವನು ಮೂರನೆಯ ಬಾರಿ ಊರಿನ ಅಂಗಡಿಯಲ್ಲಿಯೇ ಗುಳಿಗೆಯನ್ನು ಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ತುರ್ತಿನ ಸಂದರ್ಭವು ಇನ್ನೂ ಕಠಿನ. ಈ ಭಾಗದ ಜನರು ಬೇಸಗೆಯಲ್ಲಿ ಮಂಗನ ಕಾಯಿಲೆಯ ಭಯದಿಂದ ಕಾಡಿಗೆ ಹೋಗಲು ಅಂಜುವುದುಂಟು. ೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಈ ಮೂರು ತಾಲ್ಲೂಕುಗಳನ್ನೂ ಬಿಟ್ಟಿಲ್ಲ. ಜ್ವರವು ಏರಿದಾಗ, ಎದೆನೋವು ಬಂದಾಗ, ರೋಗಿಯನ್ನು ಹೊತ್ತು ಓಡುವುದು ಶಿವಮೊಗ್ಗೆಗೋ ಮಣಿಪಾಲಕ್ಕೋ ಮಂಗಳೂರಿಗೋ. ಶೃಂಗೇರಿಯ ನಾಗರಿಕರು ತಮ್ಮ ಊರಿಗೆ ೧೦೦ ಹಾಸಿಗೆಗಳ ಆಸ್ಪತ್ರೆಯು ಬೇಕೆಂದು ಬಹುಕಾಲ ಕೂಗಿಟ್ಟುದು ಈ ಓಟದ ಬೇಗೆಯನ್ನು ಕಂಡವರಾದ್ದರಿಂದಲೇ. ಅಂತಹ ಗಳಿಗೆಯಲ್ಲಿ ಒಪ್ಪಂದವಿಲ್ಲದ ಆಸ್ಪತ್ರೆಗೆ ಸೇರಿಸಿದರೂ ಯೋಜನೆಯ ಬಾಗಿಲು ಮುಚ್ಚುವುದಿಲ್ಲ. ಆದರೆ ೪೮ ಗಂಟೆಗಳೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ಸಂಗತಿಯನ್ನು ತಿಳಿಸತಕ್ಕದ್ದು. ಹಣವನ್ನು ಮೊದಲು ತಾನೇ ಕಟ್ಟಿ, ಆ ಮೇಲೆ ಸರಕಾರವು ಗೊತ್ತುಪಡಿಸಿದ ದರದಂತೆ ಮರಳಿ ಪಡೆಯತಕ್ಕದ್ದು. ಈ ೪೮ ಗಂಟೆಗಳ ನಿಯಮವನ್ನು ಮನೆಯವರು ಅರಿಯದಿದ್ದರೆ ಹಕ್ಕು ಅಲ್ಲಿಯೇ ತಪ್ಪಿಹೋಗಬಹುದು. ಆದುದರಿಂದ ಪಾಲಿಕ್ಲಿನಿಕ್ಕಿನ ದೂರವಾಣಿಯ ಸಂಖ್ಯೆಯನ್ನು ಮನೆಯ ಗೋಡೆಯ ಮೇಲೆ ಬರೆದಿಡುವುದು ಲೇಸು.

ಪಾಲಿಕ್ಲಿನಿಕ್ಕುಗಳನ್ನು ಮಾಜಿ ಸೈನಿಕರ ಸಂಖ್ಯೆಯನ್ನು ಅನುಸರಿಸಿ ಸ್ಥಾಪಿಸುತ್ತಾರೆ. ಮೊದಲು ದೇಶದಲ್ಲೆಲ್ಲ ೨೨೭ಕ್ಕೆ ಮಂಜೂರಾತಿಯು ದೊರೆಯಿತು. ೨೦೧೦ರಲ್ಲಿ ಇನ್ನೂ ೧೯೯ನ್ನು ಸೇರಿಸಲಾಯಿತು. ಎಲ್ಲಿ ಹೆಚ್ಚು ಜನರೋ ಅಲ್ಲಿ ದೊಡ್ಡದು, ಎಲ್ಲಿ ಕಡಮೆಯೋ ಅಲ್ಲಿ ಚಿಕ್ಕದು, ಇನ್ನೂ ಕಡಮೆಯಿದ್ದಲ್ಲಿ ಏನೂ ಇಲ್ಲ. ಖಜಾನೆಯ ದೃಷ್ಟಿಯಿಂದ ಇದು ನ್ಯಾಯವೆಂದೇ ತೋರಬಹುದು. ಆದರೆ ಸೇವೆಗೆ ಸೇರಿಸಿಕೊಳ್ಳುವಾಗ ಸರಕಾರವು, 'ನಿಮ್ಮ ಊರಿನಿಂದ ಎಷ್ಟು ಜನ ಬಂದಿರಿ' ಎಂದು ಕೇಳಿರಲಿಲ್ಲ. ಸಿಯಾಚಿನ್ನಿನ ಚಳಿಯು ಕೊಡಗಿನವನಿಗೂ ಕೊಪ್ಪದವನಿಗೂ ಒಂದೇ. ಜನರು ವಿರಳವಾಗಿರುವ ಸೀಮೆಯಲ್ಲಿ ಹಕ್ಕು ವಿರಳವಾಗತಕ್ಕದ್ದಲ್ಲ. ಅದನ್ನು ತಲಪಿಸುವ ರೀತಿಯು ಮಾತ್ರ ಬೇರೆಯಾಗತಕ್ಕದ್ದು.

ಪೆನ್ಷನ್ನಿಲ್ಲದವರ ಪಾಡು

ಇಷ್ಟು ಹೊತ್ತು ಹೇಳಿದುದು ಪೆನ್ಷನ್ ಉಳ್ಳವರ ಮಾತು. ಪೆನ್ಷನ್ನಿಗೆ ಬೇಕಾದ ಅವಧಿಯು ತುಂಬುವ ಮುನ್ನವೇ ಮನೆಗೆ ಬಂದ ಸಿಪಾಯಿಗೆ ಸಾಮಾನ್ಯವಾಗಿ ಈ ಯೋಜನೆಯಲ್ಲಿ ಸ್ಥಾನವಿಲ್ಲ. ಅಂತಹವರಿಗೆ ಕೇಂದ್ರೀಯ ಸೈನಿಕ ಮಂಡಲಿಯು ರಕ್ಷಣಾಮಂತ್ರಿಗಳ ನಿಧಿಯಿಂದ ಚಿಕಿತ್ಸೆಗಾಗಿ ಸಹಾಯಧನವನ್ನು ಕೊಡುತ್ತದೆ. ೬೫ ವರುಷ ಮೀರಿದ, ವರಮಾನವಿಲ್ಲದ ವೃದ್ಧರಿಗೂ ವಿಧವೆಯರಿಗೂ ಕೊಡುವ ನಿರ್ಗತಿಕ ವೇತನವನ್ನು ೨೦೨೫ನೆಯ ನವೆಂಬರ್ ೧ರಿಂದ ತಿಂಗಳಿಗೆ ೪,೦೦೦ದಿಂದ ೮,೦೦೦ ರೂಪಾಯಿಗೆ ಏರಿಸಲಾಗಿದೆ. ಇವುಗಳಿಗೂ ಅರ್ಜಿಯೇ ದಾರಿ. ಅರ್ಜಿಗೆ ಸೈನಿಕ ಕಲ್ಯಾಣ ಕಚೇರಿಯ ಶಿಫಾರಸೇ ಬಲ. ೨೦೨೨ರಲ್ಲಿ ಆರಂಭವಾದ ಅಗ್ನಿಪಥದ ಕ್ರಮದಲ್ಲಿ ನಾಲ್ಕು ವರುಷ ದುಡಿದು ಮರಳುವ ತರುಣರಿಗೆ ಪೆನ್ಷನ್ನೂ ಇಲ್ಲ, ಈ ಆರೋಗ್ಯ ಯೋಜನೆಯೂ ಇಲ್ಲ. ದಂಡಿಗೆ ಹೊರಟ ಮಗನ ತಂದೆತಾಯಿಗಳು ಇದನ್ನು ತಿಳಿದೇ ಕಳುಹಿಸಬೇಕು. ಮರಳಿ ಬಂದ ಮೇಲೆ ಅವರ ಆರೋಗ್ಯಕ್ಕೆ ಯಾರು ಹೊಣೆಯೆಂಬುದನ್ನು ಆಳುವವರೂ ಈಗಲೇ ಯೋಚಿಸಬೇಕು.

ಆಗಬೇಕಾದುದೇನು?

ಸರಕಾರದಿಂದ ಆಗಬೇಕಾದುದು ಮೊದಲು. ಮೂರು ತಾಲ್ಲೂಕುಗಳಿಗೆ ಒಂದರಂತೆ ಪಾಲಿಕ್ಲಿನಿಕ್ಕನ್ನು ಕಟ್ಟಿರೆಂದು ನಾವು ಕೇಳುವುದಿಲ್ಲ. ಸಂಚಾರಿ ಪಾಲಿಕ್ಲಿನಿಕ್ ಎಂಬ ಕಲ್ಪನೆಯು ಈ ಯೋಜನೆಗೆ ಹೊಸದಲ್ಲ. ತಿಂಗಳಿಗೊಂದು ನಿಶ್ಚಿತವಾದ ದಿನ ಕೊಪ್ಪದಲ್ಲಿ, ಮತ್ತೊಂದು ದಿನ ಶೃಂಗೇರಿಯಲ್ಲಿ, ಇನ್ನೊಂದು ದಿನ ನರಸಿಂಹರಾಜಪುರದಲ್ಲಿ ವೈದ್ಯನೂ ಔಷಧವೂ ಬರುವಂತಾದರೆ ನಿತ್ಯದ ಗುಳಿಗೆಗಾಗಿ ಘಟ್ಟವನ್ನು ಇಳಿದೇರುವ ಕಷ್ಟವು ತಪ್ಪುವುದು. ಅದೇ ದಿನ ತಾಲ್ಲೂಕು ಕಚೇರಿಯಲ್ಲಿ ಸೈನಿಕ ಕಲ್ಯಾಣ ಇಲಾಖೆಯವರೊಬ್ಬರು ಕುಳಿತು ದಾಖಲೆಗಳನ್ನು ನೋಡಿ ದೃಢೀಕರಿಸಿದರೆ, ತಹಶೀಲ್ದಾರರ ಸಹಿಗೂ ನೋಟರಿಯ ಮುದ್ರೆಗೂ ಬೇರೆ ಬೇರೆ ದಿನ ಅಲೆಯಬೇಕಾಗಿಲ್ಲ. ಇದಕ್ಕೆ ಹೊಸ ಕಟ್ಟಡವು ಬೇಡ. ಹೊಸ ಕಾನೂನೂ ಬೇಡ. ತಾರೀಖೊಂದನ್ನು ಗೊತ್ತುಮಾಡಿ ಆ ತಾರೀಖಿಗೆ ತಪ್ಪದೆ ಬರುವ ನಿಷ್ಠೆಯಿದ್ದರೆ ಸಾಕು.

ಎರಡನೆಯದು ಮಾಜಿ ಸೈನಿಕರಿಂದಲೇ ಆಗಬೇಕಾದುದು. ಈ ವಾರವೇ ಪೆಟ್ಟಿಗೆಯನ್ನು ತೆರೆದು, ಸೇವಾಮುಕ್ತಿಯ ಪುಸ್ತಕವನ್ನೂ ಪೆನ್ಷನ್ ಆಜ್ಞಾಪತ್ರವನ್ನೂ ಆಧಾರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ನಿಮ್ಮ ಹೆಸರು, ಹುಟ್ಟಿದ ದಿನ, ಹೆಂಡತಿಯ ಹೆಸರು, ಅವಳು ಹುಟ್ಟಿದ ದಿನ ಇವು ಎಲ್ಲದರಲ್ಲಿಯೂ ಒಂದೇ ಆಗಿವೆಯೇ? ಇಲ್ಲವಾದರೆ ಇಂದೇ ದಾಖಲೆಯ ಕಚೇರಿಗೆ ಬರೆಯಿರಿ. ಹೆಂಡತಿಗೆ ಈ ಕಾಗದಗಳಿರುವ ಸ್ಥಳವನ್ನು ತೋರಿಸಿಡಿರಿ.

ಮೂರನೆಯದು ನಮ್ಮ ವಾಚಕರಿಂದ ಆಗಬೇಕಾದುದು. ನಿಮ್ಮಲ್ಲಿ ಬ್ಯಾಂಕಿನ ಅಧಿಕಾರಿಗಳಿರುವಿರಿ, ಉಪಾಧ್ಯಾಯರಿರುವಿರಿ, ವಕೀಲರಿರುವಿರಿ, ಗ್ರಾಮದ ಲೆಕ್ಕಿಗರಿರುವಿರಿ. ಪೆನ್ಷನ್ನಿಗಾಗಿ ಬ್ಯಾಂಕಿಗೆ ಬರುವ ಮುದುಕನು ನಿಮ್ಮ ಕಣ್ಣಿಗೆ ತಿಂಗಳಿಗೊಮ್ಮೆ ಬೀಳುವನು. 'ಆರೋಗ್ಯದ ಕಾರ್ಡನ್ನು ಮಾಡಿಸಿಕೊಂಡಿರೋ?' ಎಂದು ಒಮ್ಮೆ ಕೇಳಿರಿ. ಇಲ್ಲವೆಂದರೆ ಅವನ ಪಕ್ಕದಲ್ಲಿ ಕುಳಿತು ಅರ್ಜಿಯನ್ನು ತುಂಬಿಕೊಡಿರಿ. ಅವನಿಗೆ ಅಂತರ್ಜಾಲದ ಪರಿಚಯವಿಲ್ಲದಿರಬಹುದು. ನಿಮ್ಮ ಮನೆಯ ಕಾಲೇಜು ಹುಡುಗನಿಗೆ ಅದು ನೀರು ಕುಡಿದಷ್ಟು ಸುಲಭ. ಪ್ರತಿ ತಾಲ್ಲೂಕಿನಲ್ಲಿಯೂ ಇಂತಹ ನಾಲ್ಕೈದು ಜನರು ಕೈಗೂಡಿದರೆ, ಒಂದು ಧ್ವಜದಿನದಿಂದ ಮುಂದಿನ ಧ್ವಜದಿನದೊಳಗೆ ಅರ್ಹರಾದವರಲ್ಲಿ ಕಾರ್ಡಿಲ್ಲದವರು ಒಬ್ಬರೂ ಉಳಿಯದಂತೆ ಮಾಡಬಹುದು.

ಬರುವ ಡಿಸೆಂಬರಿನಲ್ಲಿ ಬಾಲಕನು ಡಬ್ಬಿಯನ್ನು ಹಿಡಿದು ನಿಮ್ಮ ಬಾಗಿಲಿಗೆ ಬಂದಾಗ ಕಾಸನ್ನು ಹಾಕಿರಿ. ಹಾಕಿದ ಬಳಿಕ ನಿಮ್ಮ ಬೀದಿಯಲ್ಲಿ, ನಿಮ್ಮ ಊರಿನಲ್ಲಿ ದಂಡಿನಿಂದ ಬಂದವರು ಯಾರಿದ್ದಾರೆಂದು ಅವನನ್ನೇ ಕೇಳಿರಿ. ಅವನು ಹೇಳುವ ಮನೆಗೆ ಆ ಸಂಜೆಯೇ ಹೋಗಿಬನ್ನಿರಿ.